ಅಜ್ಜನ ಕೋಟು ತೊಟ್ಟ ಬ್ಯಾಟರಿ

ಹೋದ ಮೇ ತಿಂಗಳ ಒಂದು ಬೆಳಗ್ಗೆ ನಾನು ನನ್ನ ಟ್ರೇಲರಿನ ಒಂದೇ ಒಂದು ಸ್ವಿಚ್ ಒತ್ತಿದೆ. ಆ ಬೆಳಕಿಗೆ ನಮ್ಮ ಸಸ್ಕ್ಯಾಚೆವಾನ್ ಸೀಮೆಯ ಅರ್ಧ ಬಯಲಿನ ಹುಂಜಗಳೆಲ್ಲ ಒಟ್ಟಿಗೆ ಕೂಗಿದವು. ಉತ್ತರಕ್ಕೆ ಹಾರುತ್ತಿದ್ದ ಹೆಬ್ಬಾತುಗಳ ಹಿಂಡು, ದಾರಿ ತಪ್ಪಿ ಮತ್ತೆ ಮೆಕ್ಸಿಕೋಕ್ಕೇ ಬಂದೆವೇನೋ ಎಂದು ಗಾಬರಿಬಿದ್ದು ಆಕಾಶದಲ್ಲೇ ಎರಡು ಸುತ್ತು ಹೊಡೆಯಿತು. ಪಕ್ಕದೂರಿನ ಪಾದ್ರಿ ಲೋಕದ ಕೊನೆಯ ದಿನ ಬಂತೆಂದು ಚರ್ಚಿನ ಗಂಟೆಗೆ ಜೋತುಬಿದ್ದ. ಈ ಬೆಳಕೆಲ್ಲ ಹೊರಟದ್ದು ಎಲ್ಲಿಂದ ಗೊತ್ತೇ? ಇಡೀ ಚಳಿಗಾಲ ಹಿಮದಡಿಯಲ್ಲಿ ಬಿದ್ದಿದ್ದ, ಯಾರೂ ಒಂದು ಬೆರಳನ್ನೂ ಸೋಕಿಸದಿದ್ದ ಒಂದು ಬ್ಯಾಟರಿಯಿಂದ.

ನಾನು ನೆಸ್ಟರ್. ಸುಳ್ಳು ಹೇಳುವವನಲ್ಲ. ನಿಜ ಕುಳ್ಳಗೆ ಕಂಡರೆ ಅದರ ಕಾಲಡಿಗೆ ಒಂದು ಮಣೆ ಹಾಕುತ್ತೇನೆ, ಅಷ್ಟೆ. ನಮ್ಮೂರಿನ ಚಳಿಗೆ ಮಾತ್ರ ಮಣೆ ಬೇಕಾಗಿಲ್ಲ. ಜನವರಿಯಲ್ಲಿ ಅಂಗಳಕ್ಕೆ ಬಂದು ಉಗಿದರೆ ನೆಲ ಮುಟ್ಟುವ ಹೊತ್ತಿಗೆ ಅದು ಗೋಲಿಯಾಗಿರುತ್ತದೆ. ಅಂಥದೊಂದು ಗೋಲಿಯಿಂದ ನಾನು ಕೋಳಿಗೂಡಿಗೆ ನುಗ್ಗಿದ ನರಿಯನ್ನು ಹೊಡೆದು ಓಡಿಸಿದ್ದೇನೆ.

ಟ್ರೇಲರ್ ಎಂದರೆ ಹಾಸಿಗೆ, ಒಲೆ, ಕಕ್ಕಸು ಸಮೇತ ಟ್ರಕ್ಕಿನ ಬಾಲಕ್ಕೆ ಕಟ್ಟಿಕೊಂಡು ಹೋಗುವ ನಮ್ಮ ಚಕ್ರದ ಮನೆ. ನನ್ನ ಹೆಂಡತಿ ಲೆಸ್ಯಾ ಶಾಲೆಯ ಬಸ್ಸು ಓಡಿಸುತ್ತಾಳೆ. ಸೆಪ್ಟೆಂಬರಿನಿಂದ ಜೂನ್‌ವರೆಗೆ ಊರ ಮಕ್ಕಳ ಗಲಾಟೆಯನ್ನೆಲ್ಲ ಕಿವಿಯಲ್ಲಿ ತುಂಬಿಕೊಳ್ಳುವ ಆ ಹೆಂಗಸು ಕಾಲು ಚಾಚಿ ಸುಮ್ಮನೆ ಕೂರುವುದು ಲೋಕದಲ್ಲಿ ಒಂದೇ ಕಡೆ: ಸರೋವರದ ದಂಡೆಯಲ್ಲಿ, ಆ ಟ್ರೇಲರಿನ ಬಾಗಿಲ ಮುಂದೆ. ನಾನು ಪಕ್ಕದಲ್ಲಿ ಕೂತು ತಿಮಿಂಗಿಲದಂಥ ಮೀನುಗಳನ್ನು ಹಿಡಿಯುತ್ತಿರುತ್ತೇನೆ.

ಆದರೆ ಟ್ರೇಲರಿನ ಬ್ಯಾಟರಿಗೂ ನನಗೂ ಜಾತಕ ಕೂಡಿಬರಲಿಲ್ಲ. ಅಕ್ಟೋಬರಿನಲ್ಲಿ ಎಲ್ಲ ದೀಪ ಆರಿಸಿ, ಬಾಗಿಲು ಹಾಕಿ, ಹುಲ್ಲಿನ ಕಣಜದ ಹಿಂದೆ ನಿಲ್ಲಿಸುತ್ತಿದ್ದೆ. ಮೇ ತಿಂಗಳಲ್ಲಿ ಬಂದು ನೋಡಿದರೆ ಬ್ಯಾಟರಿ ಹೆಣ. ಎಲ್ಲ ಆರಿಸಿದರೂ ಟ್ರೇಲರ್ ನಿದ್ದೆ ಮಾಡುವುದಿಲ್ಲ ನೋಡಿ. ಒಲೆಯ ಗ್ಯಾಸ್ ಸೋರಿದರೆ ಕಿರುಚುವುದಕ್ಕೆಂದು ಒಳಗೊಂದು ಕಾವಲು ಡಬ್ಬಿ ಇದೆ. ಅದರ ಹಸಿರು ಕಣ್ಣು ಹಗಲೂ ರಾತ್ರಿ ತೆರೆದೇ ಇರುತ್ತದೆ. ರೇಡಿಯೋದೊಳಗೆ ಯಾರೂ ನೋಡದ ಗಡಿಯಾರವೊಂದು ಓಡುತ್ತಿರುತ್ತದೆ. ಎರಡೂ ಸೇರಿ ಕದ್ದು ಹಾಲು ಕುಡಿಯುವ ಬೆಕ್ಕುಗಳಂತೆ ತೊಟ್ಟು ತೊಟ್ಟಾಗಿ ಕುಡಿದು ಬ್ಯಾಟರಿಯನ್ನು ಬರಿದು ಮಾಡುತ್ತವೆ.

ಮೂರನೆಯ ಸಲ ಹೀಗಾದದ್ದು ನಾನು ಆ ಸ್ವಿಚ್ ಒತ್ತಿದ್ದಕ್ಕೆ ಒಂದು ವರ್ಷ ಹಿಂದಿನ ಮೇ ತಿಂಗಳಲ್ಲಿ. ಸರೋವರ ಮುಟ್ಟಿದ ಸಂಜೆಯೇ ಹಿಮ ಸುರಿಯಿತು. ಬಿಸಿಗಾಳಿಯ ಯಂತ್ರ ಹಾಕಲು ಹೋದರೆ ಅದು ಉಸಿರೇ ಎತ್ತಲಿಲ್ಲ. ಹೊರಗೆ ಬಂದು ನೋಡಿದರೆ ಬ್ಯಾಟರಿ ಚಳಿಗಾಲದಲ್ಲೇ ಹೆಪ್ಪುಗಟ್ಟಿ ಕುಂಬಳದಂತೆ ಬಿರಿದುಕೊಂಡಿತ್ತು. ನಾವಿಬ್ಬರೂ ಟ್ರಕ್ಕಿನೊಳಗೆ ಮುದುಡಿಕೊಂಡು ಬೆಳಗು ಮಾಡಿದೆವು. ಮರಳುವಾಗ ಟ್ರಕ್ಕು ಓಡಿಸಿದ್ದು ಲೆಸ್ಯಾ. ಮನೆಯ ಗೇಟಿನ ಮುಂದೆ ಟ್ರಕ್ಕು ನಿಲ್ಲಿಸಿ ತೀರ್ಪು ಕೊಟ್ಟಳು.

"ಬರೋ ವರ್ಷ ಹೊರಡೋ ದಿನ, ಮೊದಲ್ನೇ ಸಲ ಒತ್ತಿದ್ದಕ್ಕೇ ದೀಪ ಹತ್ಬೇಕು. ಹತ್ತಲಿಲ್ಲ ಅಂದ್ರೆ ಟ್ರೇಲರ್ ನನ್ನ ತಮ್ಮಂಗೆ."

"ಎರಡ್ನೇ ಸಲ ಒತ್ತಿದ್ರೆ ಆಗಲ್ವಾ?"

"ನೂರು ಸಲ ಹೇಳಿದ್ರೂ ನೀನು ಬ್ಯಾಟರಿ ಬಿಚ್ಚಿಟ್ಯಾ? ಒಂದೇ ಸಲ."

ಅವಳ ತಮ್ಮ ಒರೆಸ್ಟ್ ಪಕ್ಕದ ಹೊಲದವನು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಳತೆಪಟ್ಟಿ ಹಿಡಿದುಕೊಂಡು ಬಂದ.

"ಭಾವ, ನಿಮ್ಮ ಹಾಸ್ಗೆ ಇರೋ ಕಡೆ ನನ್ನ ಬೇಟೆನಾಯಿಗಳು ಮೂರೂ ಮಲಗ್ಬೋದು ಅಲ್ವಾ? ಅಕ್ಕನ ಕಡೆ ದೊಡ್ಡದು, ನಿಮ್ಮ ಕಡೆ ಎರಡು ಚಿಕ್ಕವು."

"ನಾಯಿಗಳಿಗೆ ಬೇಕಾದ್ರೆ ನಿನ್ನ ಹಾಸ್ಗೆ ಕೊಡೋ. ಈಗ್ಲೂ ನಿಂಗೂ ಅವಕ್ಕೂ ವಾಸ್ನೇಲಿ ವ್ಯತ್ಯಾಸ ಇಲ್ಲ," ಎಂದೆ. ಅವನು ನಗುತ್ತಾ ಅಳತೆಯನ್ನು ಕೈಮೇಲೆ ಬರೆದುಕೊಂಡು ಹೋದ.

ಆ ವರ್ಷ ಅಕ್ಟೋಬರಿನಲ್ಲಿ ಕಾಫಿಸಾಲಿನಲ್ಲಿ ಮಾತು ಬಂತು. ಸಹಕಾರಿ ಅಂಗಡಿಯ ಕಿಟಕಿಯ ಪಕ್ಕದ ಉದ್ದ ಮೇಜಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಕೊಯ್ಲು ಮುಗಿದ ಗಂಡಸರೆಲ್ಲ ಬೆಳಗ್ಗೆ ಅಲ್ಲಿ ಸೇರಿ ಮಳೆ, ಗೋಧಿ, ಸರ್ಕಾರ ಎಲ್ಲವನ್ನೂ ಸರಿಮಾಡಿ ಊಟಕ್ಕೆ ಮನೆಗೆ ಹೋಗುತ್ತಾರೆ. ಕಾಫಿಸಾಲಿನಲ್ಲಿ ಒಮ್ಮೆ ಆಡಿದ ಮಾತು ಚರ್ಚಿನಲ್ಲಿ ಇಟ್ಟ ಆಣೆಗಿಂತ ಭಾರ. ಮುರಿದರೆ ಆಮೇಲೆ ಚಮಚದ ಸದ್ದಿನಲ್ಲೂ ಹಂಗಿಸುತ್ತಾರೆ.

ಹಾರ್ಲನ್ ಅಲ್ಲಿನ ಹಿರಿಯ. ಮೊದಲು ಊರ ಧಾನ್ಯವನ್ನೆಲ್ಲ ತುಂಬಿಡುವ ಗೋಪುರ ನೋಡಿಕೊಳ್ಳುತ್ತಿದ್ದವನು.

"ಬ್ಯಾಟರಿ ಬಿಚ್ಚಿ ಮನೆ ಒಳಗೆ ಇಟ್ಕೊಳ್ಳೋ ನೆಸ್ಟರ್," ಎಂದ. "ಊರೆಲ್ಲಾ ಅದನ್ನೇ ಮಾಡುತ್ತೆ. ಚಾರ್ಜರಿಗೆ ಸಿಗಿಸಿಟ್ರೆ ಸಾಕು, ಅದರ ಪಾಡಿಗೆ ಅದು ಉಣ್ತಾ ಇರುತ್ತೆ."

ಊರೆಲ್ಲ ಮಾಡುವುದನ್ನು ಮಾಡಲು ನೆಸ್ಟರನೇ ಬೇಕೇ? ಬಾಯಿ ತಾನಾಗಿ ತೆರೆದುಕೊಂಡಿತು. ಅದು ಏನು ಹೇಳುತ್ತದೆಂದು ಉಳಿದವರ ಜೊತೆ ನಾನೂ ಕುತೂಹಲದಿಂದ ಕೇಳಿದೆ.

"ನನ್ನ ಬ್ಯಾಟರಿ ಟ್ರೇಲರ್‌ನಲ್ಲೇ ಇರುತ್ತೆ. ನಮ್ಮಜ್ಜ ಉಕ್ರೇನಿಂದ ತಂದ ಕುರಿಚರ್ಮದ ಕೋಟು ತೊಡಿಸ್ತೀನಿ. ಆ ಕೋಟು ಹಾಕ್ಕೊಂಡು ಅಜ್ಜ ಮೊದಲ್ನೇ ಚಳಿಗಾಲ ನೆಲದಲ್ಲಿ ತೋಡಿದ ಗುಂಡೀಲಿ ಕಳ್ದ. ವಸಂತಕ್ಕೆ ಹೊರಗೆ ಬಂದಾಗ ಬೆವರ್ತಾ ಇದ್ದನಂತೆ. ಮನುಷ್ಯನಿಗೆ ಆಗಿದ್ದು ಬ್ಯಾಟರಿಗೆ ಆಗಲ್ವಾ?"

ಒರೆಸ್ಟ್ ಕಾಫಿ ಲೋಟ ಕೆಳಗಿಟ್ಟ. "ಮೇ ತಿಂಗಳವರೆಗೂ ಮುಟ್ಟಲ್ವಾ ಭಾವ?"

"ಮುಟ್ಟಲ್ಲ."

"ಹಾಗಾದ್ರೆ ಪೆಟ್ಟಿಗೆಗೆ ಮುದ್ರೆ ಹೊಡೀತೀನಿ. ದೀಪ ಹತ್ತಿದ್ರೆ ಬೇಸಿಗೆ ಪೂರ್ತಿ ನೀವು ಹಿಡಿದ ಮೀನೆಲ್ಲ ನಾನೇ ಹೆರೆದು ಕೊಡ್ತೀನಿ."

ಆ ಮಧ್ಯಾಹ್ನವೇ ಕೆಲಸ ಆಯಿತು. ಟ್ರೇಲರಿನ ಮೂತಿಯ ಮೇಲೆ ದೊಡ್ಡದೊಂದು ಮರದ ಪೆಟ್ಟಿಗೆ ಕೂರಿಸಿದೆ. ಬ್ಯಾಟರಿಗೆ ಕೋಟು ತೊಡಿಸಿ, ಕುತ್ತಿಗೆಯಿಂದ ಅಂಚಿನವರೆಗೆ ಮರದ ಗುಂಡಿಗಳನ್ನೆಲ್ಲ ಹಾಕಿ, ತೋಳುಗಳ ಸಂದಿಯಿಂದ ವೈರುಗಳನ್ನು ಹೊರಗೆಳೆದು ಒಳಗೆ ಮಲಗಿಸಿದೆ. ನಮ್ಮಜ್ಜನನ್ನು ಮಣ್ಣು ಮಾಡುವಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ. ಲೆಸ್ಯಾ ಈಸ್ಟರ್ ಮೊಟ್ಟೆಗಳಿಗೆ ಚಿತ್ತಾರ ಬರೆಯಲು ಇಟ್ಟುಕೊಂಡಿರುವ ಜೇನುಮೇಣವನ್ನು ಒರೆಸ್ಟ್ ಕರಗಿಸಿ ತಂದ. ಮುಚ್ಚಳದ ಅಂಚಿಗೆ ಸುರಿದು, ತನ್ನ ಟ್ರ್ಯಾಕ್ಟರಿನ ಕೀಯನ್ನು ಅದರೊಳಗೆ ಒತ್ತಿ ಗುರುತು ಮೂಡಿಸಿದ.

"ಈ ಕೀ ನನ್ನ ಜೇಬಲ್ಲೇ ಇರುತ್ತೆ. ಯಾರು ತೆಗೆದ್ರೂ ಗೊತ್ತಾಗುತ್ತೆ," ಎಂದ.

ಲೆಸ್ಯಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ನೋಡುತ್ತಿದ್ದಳು.

"ಕೋಟು ಇದ್ದ ಬಿಸೀನ ಕಾಯುತ್ತೆ. ಇಲ್ಲದ ಬಿಸೀನ ಎಲ್ಲಿಂದ ತರುತ್ತೆ?" ಎಂದಳು. "ಅದೂ ಅಲ್ಲದೆ ಆ ಹಸಿರು ಕಣ್ಣಿನ ಹಸಿವಿಗೆ ಕೋಟು ಏನು ಮಾಡುತ್ತೆ? ಹೊಟ್ಟೆ ತುಂಬಿದ ಬ್ಯಾಟರಿ ಎಂಥ ಚಳಿಗೂ ಜಗ್ಗಲ್ಲ. ಬರಿಹೊಟ್ಟೇದು ಮೊದಲ್ನೇ ಚಳಿಗೇ ಕಲ್ಲಾಗುತ್ತೆ. ಬಸ್ಸಿನ ಶೆಡ್ಡಲ್ಲಿ ಎಷ್ಟು ನೋಡಿಲ್ಲ."

"ಬಸ್ಸಿನ ಬ್ಯಾಟರಿಗೆ ಅಜ್ಜ ಇರ್ಲಿಲ್ಲ ಕಣೇ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆ ನೋಟ ನನ್ನ ಜಾಣತನಕ್ಕೆ ಸಂದ ಮರ್ಯಾದೆ ಎಂದೇ ತಿಳಿದೆ.

ಚಳಿಗಾಲ ಬಂತು. ಎಂಥ ಚಳಿಗಾಲ! ಚಂದ್ರನೇ ಒಂದು ವಾರ ಹೊರಗೆ ಬರಲಿಲ್ಲ. ಆದರೆ ಕಾಫಿಸಾಲಿನಲ್ಲಿ ನನ್ನ ಬ್ಯಾಟರಿ ದಿನದಿನಕ್ಕೂ ಬೆಚ್ಚಗಾಗುತ್ತಿತ್ತು. ಪೆಟ್ಟಿಗೆಯ ಮೇಲೆ ಬಿದ್ದ ಹಿಮ ಕರಗಿ ಅಲ್ಲಿ ಹುಲ್ಲು ಚಿಗುರಿದೆ ಎಂದೆ. ಮೊಲಗಳು ಸಾಲಾಗಿ ಬಂದು ಅದಕ್ಕೆ ಬೆನ್ನು ಕಾಯಿಸಿಕೊಂಡು ಹೋಗುತ್ತವೆ ಎಂದೆ. ಒಂದು ಬೆಳಗ್ಗೆ ಟ್ರೇಲರಿನಿಂದ ನಮ್ಮ ಹಿತ್ತಿಲ ಬಾಗಿಲವರೆಗೆ ಹಿಮದ ಮೇಲೆ ಏನನ್ನೋ ಎಳೆದುಕೊಂಡು ಹೋದ ಗುರುತು ಕಂಡಿತ್ತು, ಎರಡು ಉದ್ದ ಗೆರೆ.

"ತೋಳ," ಎಂದೆ ಕಾಫಿಸಾಲಿನಲ್ಲಿ. "ಬೆಚ್ಚಗಿನ ವಾಸ್ನೆ ಹಿಡಿದು ಬಂದು, ಬಾಲ ಎಳ್ಕೊಂಡು ಹೋಗಿದೆ."

"ಗೆರೆ ಎರಡು ಅಂದ್ಯಲ್ಲೋ," ಎಂದ ಹಾರ್ಲನ್.

"ಎರಡು ಬಾಲದ್ದು."

ಆ ವರ್ಷ ಲೆಸ್ಯಾಗೆ ನನ್ನ ಮೇಲೆ ಪ್ರೀತಿಯೂ ಹೆಚ್ಚಿತ್ತು. ನೆಲಮಾಳಿಗೆಗೆ ಇಳಿಯಲು ಬಿಡುತ್ತಲೇ ಇರಲಿಲ್ಲ. "ನೀನು ಇಣುಕಿದ್ರೆ ಎಲೆಕೋಸು ಹುಳಿ ಬರೋ ಬದಲು ಕೊಳೆಯುತ್ತೆ, ನಾನೇ ತರ್ತೀನಿ ಕೂತ್ಕೋ," ಎನ್ನುವಳು. ಜಾಡಿಗೆ ಹಾಕಿದ ಎಲೆಕೋಸು, ಆಲೂಗಡ್ಡೆ, ಬೀಟ್‌ರೂಟ್ ಎಲ್ಲ ತಾನೇ ಹೊತ್ತು ತಂದಳು. ನಾನು ರಾಜನಂತೆ ಮೇಜಿನ ಮುಂದೆ ಕೂತು ಪೆರೋಗಿ ತಿಂದೆ, ಅಂದರೆ ಆಲೂಗಡ್ಡೆ ತುಂಬಿದ ನಮ್ಮ ಕಡುಬು. ಅಡುಗೆಮನೆಯ ನೆಲದಡಿಯಿಂದ ಗುಂಯ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಎಲೆಕೋಸು ಹುದುಗುವಾಗ ಹಾಡುತ್ತದೆ ಎಂದು ಕಾಫಿಸಾಲಿಗೆ ಅದನ್ನೂ ಹೇಳಿದೆ.

ಇದೆಲ್ಲ ಹೊರಗಿನ ಮಾತು. ಒಳಗಿನದು ಬೇರೆ. ಫೆಬ್ರವರಿಯಲ್ಲಿ ಗಾಳಿಗೆ ಕಿಟಕಿ ಹಲ್ಲು ಕಡಿದಾಗೆಲ್ಲ ನನಗೆ ಬಿರಿದ ಕುಂಬಳವೇ ಕಣ್ಣಮುಂದೆ ಬರುತ್ತಿತ್ತು. ಲೆಸ್ಯಾ ಬಸ್ಸಿನಿಂದ ಇಳಿದು, ಬೂಟು ಬಿಚ್ಚಿ, ಗೋಡೆಯ ಮೇಲಿನ ಸರೋವರದ ಫೋಟೋವನ್ನು ಒಂದು ಸಲ ನೋಡಿ ಒಳಗೆ ಹೋಗುವಳು. ಅದೇ ದಂಡೆಯ ಮೇಲೆ ಒರೆಸ್ಟನ ನಾಯಿಗಳು ನಮ್ಮ ಹಾಸಿಗೆಯಿಂದ ಎದ್ದು ಮೈ ಕೊಡವುವುದನ್ನು ನೆನೆದರೆ ಪೆರೋಗಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಎರಡು ಸಲ ಸುತ್ತಿಗೆ ಹಿಡಿದು ಪೆಟ್ಟಿಗೆಯವರೆಗೂ ಹೋದೆ. ಮೇಣದ ಮೇಲಿನ ಕೀಯ ಗುರುತು ನನ್ನನ್ನು ನೋಡಿ ನಕ್ಕಿತು. ಹಿಂದಕ್ಕೆ ಬಂದೆ.

ಮೇ ತಿಂಗಳ ಉದ್ದ ರಜೆಯ ಮೊದಲ ದಿನ ಊರಿಗೆ ಊರೇ ನಸುಕಿನಲ್ಲಿ ಟ್ರೇಲರ್ ಕಟ್ಟಿಕೊಂಡು ಸರೋವರದ ದಂಡೆಗೆ ಓಡುತ್ತದೆ. ಮೊದಲು ಹೋದವನಿಗೆ ನೀರಿನ ಪಕ್ಕದ ಜಾಗ, ತಡವಾದವನಿಗೆ ಕಕ್ಕಸಿನ ಪಕ್ಕದ ಜಾಗ. ಆ ಬೆಳಗ್ಗೆ ನಾನು ಕನ್ನಡಿಯ ಮುಂದೆ ನಿಂತು ಎರಡು ಭಾಷಣ ಅಭ್ಯಾಸ ಮಾಡಿದೆ, ಗೆದ್ದರೆ ಒಂದು, ಸೋತರೆ ಒಂದು. ಸೋತದ್ದೇ ಚೆನ್ನಾಗಿ ಬಂತು. ಲೆಸ್ಯಾ ಕೋಳಿಗಳಿಗೆ ಕಾಳು ಹಾಕಿ ಬರುತ್ತೇನೆಂದು ಹೋದವಳು ಎಂದಿಗಿಂತ ತಡವಾಗಿ ಬಂದಳು. ಅಷ್ಟರಲ್ಲಿ ಕಾಫಿಸಾಲಿನವರೆಲ್ಲ ತಮ್ಮ ತಮ್ಮ ಟ್ರೇಲರುಗಳನ್ನು ರಸ್ತೆಯಲ್ಲಿ ನಿಲ್ಲಿಸಿ ನಮ್ಮ ಅಂಗಳದಲ್ಲಿ ಸೇರಿದ್ದರು. ಒರೆಸ್ಟ್ ನಾಯಿಗಳನ್ನೂ ಕರೆತಂದಿದ್ದ.

"ಮನೆ ನೋಡ್ಲಿ ಅಂತ ಭಾವ," ಎಂದ.

ಮುದ್ರೆಯನ್ನು ಬಗ್ಗಿ ನೋಡಿದ. ತನ್ನ ಕೀ ತೆಗೆದು ಗುರುತಿನೊಳಗೆ ಇಟ್ಟು ನೋಡಿದ. ಸರಿಯಾಗಿ ಕೂತಿತು. "ಮುಟ್ಟಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ನಾನು ಟ್ರೇಲರ್ ಹತ್ತಿದೆ. ಲೆಸ್ಯಾ ಬಾಗಿಲಲ್ಲಿ ನಿಂತಳು. ಕಣ್ಣು ಮುಚ್ಚಿಕೊಂಡು ಒತ್ತಿದೆ.

ಮೇಜಿನ ಮೇಲಿನ ದೀಪ ಹತ್ತಿತು.

ಆಮೇಲೆ ನಾನು ಏನು ಮಾತಾಡಿದೆನೋ ನನಗೇ ಸರಿಯಾಗಿ ನೆನಪಿಲ್ಲ. ಮೆಟ್ಟಿಲ ಮೇಲೆ ನಿಂತು ಗೆದ್ದವನ ಭಾಷಣ ಶುರು ಮಾಡಿದ್ದೆ. ಇನ್ನು ಮೇಲೆ ಟ್ರೇಲರ್ ಮಾಡುವವರೆಲ್ಲ ಜೊತೆಗೊಂದು ಕೋಟು ಕೊಡಬೇಕಾಗುತ್ತದೆ ಎಂದೆ. ಉಕ್ರೇನಿನ ಕುರಿಗಳಿಗೆ ಒಳ್ಳೆಯ ಕಾಲ ಬಂತು ಎಂದೆ. ಒರೆಸ್ಟನ ಮುಖ ನೋಡಬೇಕಿತ್ತು. ಅವನು ತಲೆ ಕೆರೆದುಕೊಂಡು ಪೆಟ್ಟಿಗೆಯ ಹತ್ತಿರ ಹೋದ.

"ಸೋತೆ ಭಾವ. ಆ ಕೋಟು ಬೇಸಿಗೇಲಿ ಹೇಗೂ ನಿಮಗೆ ಬೇಡ. ನನ್ನ ದೋಣಿ ಬ್ಯಾಟರಿಗೆ ಒಂದು ಅಂಥದೇ ಹೊಲಿಸ್ಬೇಕು, ಅಳತೆ ನೋಡ್ತೀನಿ," ಎಂದು ಮೇಣ ಮುರಿದು ಮುಚ್ಚಳ ಎತ್ತಿದ.

"ಅದನ್ನ ಆಮೇಲೆ ನೋಡೋ," ಎಂದಳು ಲೆಸ್ಯಾ. ಅಷ್ಟು ಬೇಗ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒರೆಸ್ಟ್ ಆಗಲೇ ಕೋಟನ್ನು ಎರಡು ಕೈಯಲ್ಲಿ ಎತ್ತಿಕೊಂಡಿದ್ದ.

ಕೋಟಿನ ಗುಂಡಿಗಳೆಲ್ಲ ಹಾಕಿದಂತೆಯೇ ಇದ್ದವು, ಕುತ್ತಿಗೆಯಿಂದ ಅಂಚಿನವರೆಗೆ. ಬ್ಯಾಟರಿ ಮಾತ್ರ ಕೋಟಿನ ಹೊರಗೆ, ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ, ಬೋಳುಮೈಯಲ್ಲಿ ಕೂತಿತ್ತು. ಒರೆಸ್ಟ್ ಕೋಟಿನ ಹೊಟ್ಟೆಯನ್ನು ಮುಟ್ಟಿದ. ಅದು ಚೀಂವ್ ಎಂದಿತು.

ಅವನು ಒಂದೊಂದೇ ಗುಂಡಿ ಬಿಚ್ಚಿದ. ಒಳಗೆ ಇಲಿಗಳ ದೊಡ್ಡ ಸಂಸಾರ. ಪೆಟ್ಟಿಗೆಯ ವೈರಿನ ತೂತಿನಿಂದ ನುಗ್ಗಿ, ಉಣ್ಣೆಯನ್ನು ಕಿತ್ತು ಹಾಸಿ, ಓಟ್ಸಿನ ಹೊಟ್ಟು ಹರಡಿ, ಸೊಂಪಾಗಿ ಚಳಿಗಾಲ ಕಳೆದಿದ್ದವು. ತಾಯಿ ಇಲಿ ಬೆಳಕಿಗೆ ಕಣ್ಣು ಮಿಟುಕಿಸಿ, ಯಾವ ಅವಸರವೂ ಇಲ್ಲದೆ ತೋಳಿನೊಳಗೆ ಹೋಯಿತು. ಬೇಟೆನಾಯಿಗಳು ಮೂರೂ ಒರೆಸ್ಟನ ಹಿಂದೆ ಅಡಗಿಕೊಂಡವು.

ಹಾರ್ಲನ್ ಹತ್ತಿರ ಬಂದು ಬಗ್ಗಿದ. "ನೆಸ್ಟರ್, ಇಡೀ ಚಳಿಗಾಲ ಕೋಟಿನೊಳಗೆ ಬ್ಯಾಟರಿ ಇದ್ರೆ ಇವು ಎಲ್ಲಿದ್ವು?"

ನನ್ನ ಬಾಯಿ ತೆರೆದುಕೊಂಡಿತು. ನಾನು ಕಾದೆ. ಎಲ್ಲರೂ ಕಾದರು. ನನ್ನ ಆಯುಸ್ಸಿನಲ್ಲಿ ಮೊದಲ ಬಾರಿಗೆ ಅದರಿಂದ ಏನೂ ಹೊರಗೆ ಬರಲಿಲ್ಲ.

"ನನ್ನ ಕಡೆ ನೋಡ್ಬೇಡಿ," ಎಂದೆ ಕೊನೆಗೆ. "ನನಗೂ ಈಗ್ಲೇ ಗೊತ್ತಾಗ್ತಿರೋದು."

"ಅವನು ನಿಜ ಹೇಳ್ತಿದಾನೆ. ನೋಡ್ಕೊಳ್ಳಿ, ಮತ್ತೆ ಸಿಗಲ್ಲ," ಎಂದಳು ಲೆಸ್ಯಾ. "ಬ್ಯಾಟರಿ ನಮ್ಮ ನೆಲಮಾಳಿಗೇಲಿತ್ತು. ಎಲೆಕೋಸಿನ ಜಾಡಿ ಹಿಂದೆ, ಹಲಗೆ ಮೇಲೆ, ಗುಂಯ್ ಅನ್ನೋ ಚಾರ್ಜರಿಗೆ ಸಿಗಿಸಿಕೊಂಡು. ಮೊದಲ್ನೇ ಹಿಮ ಬಿದ್ದಾಗ್ಲೇ ಮಕ್ಕಳ ಜಾರುಬಂಡಿ ಮೇಲಿಟ್ಟು ಎಳ್ಕೊಂಡು ಹೋದೆ. ಎರಡು ಬಾಲದ ತೋಳ ನಾನೇ."

"ಅಕ್ಕಾ, ಮುದ್ರೆ?" ಒರೆಸ್ಟ್ ಕೀಯನ್ನು ಎತ್ತಿ ಹಿಡಿದ. "ಕೀ ನನ್ನ ಜೇಬು ಬಿಟ್ಟು ಹೋಗಿಲ್ಲ."

"ಲೋ ತಮ್ಮಾ, ನಮ್ಮ ಟ್ರ್ಯಾಕ್ಟರೂ ನಿನ್ನದೂ ಒಂದೇ ಕಂಪನಿದು. ಆ ಟ್ರ್ಯಾಕ್ಟರಿಗೆಲ್ಲ ಒಂದೇ ಕೀ. ಈ ಅಂಗಳದಲ್ಲಿ ನಿಂತಿರೋರಲ್ಲಿ ಅರ್ಧ ಜನದ ಜೇಬಲ್ಲಿ ಅದೇ ಇದೆ."

ಅಂಗಳದಲ್ಲಿ ಅರ್ಧ ಜನ ಜೇಬು ತಡವಿಕೊಂಡರು. ಹಾರ್ಲನ್ ತನ್ನದನ್ನು ತೆಗೆದು ಮೇಣದ ಗುರುತಿನೊಳಗೆ ಇಟ್ಟ. ಸರಿಯಾಗಿ ಕೂತಿತು.

"ಮೇಣ ನನ್ನದು, ಕೀ ನನ್ನದು, ಮುರಿದಾಗೆಲ್ಲ ಮತ್ತೆ ಮುದ್ರೆ ಹೊಡೆದೆ. ಇವತ್ತು ಬೆಳಗ್ಗೆ ವಾಪಸ್ ತಂದಿಡುವಾಗ ಕೋಟಿನೊಳಗೇ ಇಡೋಣ ಅಂತಿದ್ದೆ. ಒಳಗೆ ಚೀಂವ್‌ಗುಟ್ಟೋದು ಕೇಳಿಸ್ತು. ಬಾಣಂತೀನ ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

"ಹಾಗಾದ್ರೆ ಪಂದ್ಯ ಮುರೀತು," ಎಂದ ಒರೆಸ್ಟ್. "ಟ್ರೇಲರ್ ನನಗೆ."

ಲೆಸ್ಯಾ ಟ್ರೇಲರಿನ ಬಾಗಿಲಿಗೆ ಒರಗಿದಳು. ಅವಳ ತಲೆಯ ಹಿಂದೆ ಆ ದೀಪ ಇನ್ನೂ ಉರಿಯುತ್ತಿತ್ತು.

"ತೀರ್ಪು ಕೊಟ್ಟೋಳು ನಾನು. ಮೊದಲ್ನೇ ಸಲ ಒತ್ತಿದ್ದಕ್ಕೇ ದೀಪ ಹತ್ಬೇಕು ಅಂದೆ, ಹತ್ತಿದೆ. ಬ್ಯಾಟರಿ ಯಾರು ಕಾಯ್ಬೇಕು ಅಂತ ನಾನು ಹೇಳಿದ್ನಾ? ಮುದ್ರೆ ನಿಮ್ಮಿಬ್ಬರ ಆಟ. ಇವನು ತಾನೇ ಬಿಚ್ಚಿಡ್ತಾನೆ ಅಂತ ಕಾದೆ. ಇವನು ಅಜ್ಜನ ಕೋಟು ತಂದ. ನನಗೆ ಆ ದಂಡೆ ಬೇಕು ಕಣ್ರೋ. ನಿನ್ನ ನಾಯಿಗೂ ಬಿಡಲ್ಲ, ಇವನ ಬಾಯಿಗೂ ಬಿಡಲ್ಲ."

"ಮೀನು ಯಾರು ಹೆರೀಬೇಕು ಹಾಗಾದ್ರೆ?"

"ಇಬ್ರೂ ಕೂತು ಹೆರೀರಿ. ಹೊರಡಿ ಈಗ, ಕಕ್ಕಸಿನ ಪಕ್ಕದ ಜಾಗ ಸಿಕ್ಕಿದ್ರೆ ಇಬ್ರನ್ನೂ ಅಲ್ಲೇ ಬಿಡ್ತೀನಿ."

ಕೋಟನ್ನು ಇಲಿಗಳ ಸಮೇತ ಹುಲ್ಲಿನ ಕಣಜದಲ್ಲಿ ಇಟ್ಟು ಹೊರಟೆವು. ನೀರಿನ ಪಕ್ಕದ ಜಾಗವೇ ಸಿಕ್ಕಿತು. ಸಂಜೆ ಲೆಸ್ಯಾ ಕಾಲು ಚಾಚಿ ಕೂತಳು. ನಾನೂ ಒರೆಸ್ಟೂ ಎದುರುಬದುರು ಕೂತು ಮೀನು ಹೆರೆದೆವು. ಅಲ್ಲೇ ಅವಳು ನನಗೆ ಎರಡು ಷರತ್ತು ಹಾಕಿದಳು. ಪ್ರತಿ ಅಕ್ಟೋಬರಿನಲ್ಲಿ ಬ್ಯಾಟರಿಯನ್ನು ನಾನೇ ಬಿಚ್ಚಿ ಎಲೆಕೋಸಿನ ಪಕ್ಕದಲ್ಲಿ ಇಡಬೇಕು. ಈ ಕಥೆಯನ್ನು ಯಾರಿಗೆ ಹೇಳಿದರೂ ಇಲಿಗಳವರೆಗೆ ಹೇಳಿ ಮುಗಿಸಬೇಕು.

ಹೇಳಿದ್ದೇನೆ. ಇನ್ನು ಉಳಿದದ್ದನ್ನೂ ಒಪ್ಪಿಕೊಂಡುಬಿಡುತ್ತೇನೆ. ದೀಪ ಅಷ್ಟೇನೂ ದೊಡ್ಡದಲ್ಲ. ಅದರ ಕೆಳಗೆ ಇಸ್ಪೀಟೆಲೆ ಹಿಡಿದರೆ ರಾಜನೋ ರಾಣಿಯೋ ತಿಳಿಯುವುದು ಕಷ್ಟ. ಮೀನು ತಿಮಿಂಗಿಲದಷ್ಟಿರಲಿಲ್ಲ, ಅಂಗೈಯಷ್ಟಿದ್ದವು. ಹೆಬ್ಬಾತುಗಳು ಎರಡೇ ಇದ್ದವು. ಅವು ಸುತ್ತು ಹೊಡೆದದ್ದು ನಮ್ಮ ಹೊಂಡಕ್ಕೆ ಇಳಿಯಲು. ಪಾದ್ರಿ ಬೆಳಗಿನ ಗಂಟೆ ಬಾರಿಸಿದ್ದು ಅವನ ಕೆಲಸ. ನರಿ ತಾನಾಗಿಯೇ ಓಡಿತ್ತು.

ಹುಂಜ ಕೂಗಿದ್ದು ಮಾತ್ರ ನಿಜ. ಒಂದೇ, ನಮ್ಮದೇ. ಆಗಷ್ಟೇ ಬೆಳಗಾಗುತ್ತಿತ್ತು.